ಕಾರವಾನಿಗೆ ಕಾಲು ಬೇಕೋ ಬೇಡವೋ: ಮೊದಲು ಎರಡು ಜಾಕಿ ಕೊಟ್ಟು ನೋಡಿ

ಗೋಣಿಕೊಪ್ಪದಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್. ಜೀಪಿನ ಟ್ರೇಲರ್, ಪಿಕಪ್ಪಿನ ಬಾಡಿ, ತೋಟದ ಗೇಟು, ಇವೇ ನಮಗೆ ಅನ್ನ. ಈಚೆಗೆ ಕಾರವಾನಿನವರೂ ಬರುತ್ತಾರೆ. ಹೆಚ್ಚಿನವು ಹಳೇ ಟೆಂಪೋ ಟ್ರಾವೆಲರ್ ತಗೊಂಡು ಒಳಗೆ ಮಂಚ, ಒಲೆ, ಸಿಂಕು ಕೂರಿಸಿದ ಗಾಡಿಗಳು. ಗಾಡಿಯಿಂದ ಇಳಿಯುತ್ತಲೇ ಅವರ ಮಾತು ಒಂದೇ: "ಮೇಸ್ತ್ರಿ, ಹಿಂದೆ ಎರಡು ಕಾಲು ಕೂರಿಸಿ ಕೊಡಿ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರ ಆಗ್ತದೆ." ಕೂರಿಸಿದರೆ ನನಗೆ ಕೂಲಿ ಸಿಗುತ್ತದೆ, ನಷ್ಟವೇನಿಲ್ಲ. ಆದರೂ ಹಲವರನ್ನು ಹಾಗೇ ವಾಪಸ್ ಕಳಿಸುತ್ತೇನೆ. ಯಾರಿಗೆ ಹೂಂ ಅನ್ನುತ್ತೇನೆ, ಯಾರಿಗೆ ಬೇಡ ಅನ್ನುತ್ತೇನೆ, ಏನು ನೋಡಿ ಹಾಗನ್ನುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ವಿಷಯ ತಲೆಯಲ್ಲಿ ಕೂರಬೇಕು. ಸ್ಟೆಬಿಲೈಸರ್ ಕಾಲು, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ (ಚಾಸಿಗೆ) ಕೂರಿಸಿ ನಿಂತಾಗ ನೆಲಕ್ಕೆ ಇಳಿಸುವ ಸ್ಕ್ರೂ ಕಾಲು, ಇರುವುದು ಅಲುಗಾಟ ನಿಲ್ಲಿಸಲು. ಓರೆ ಸರಿಮಾಡುವ ಕೆಲಸ ಅದರದ್ದಲ್ಲ. ಗಾಡಿ ನಿಂತಾಗ ಅದರ ಭಾರವೆಲ್ಲ ಸ್ಪ್ರಿಂಗ್ ಪ್ಲೇಟಿನ ಮೇಲೆ, ಟಯರಿನ ಗಾಳಿಯ ಮೇಲೆ ಕೂತಿರುತ್ತದೆ. ಒಳಗೆ ಒಬ್ಬರು ನಡೆದರೆ ಎರಡೂ ಸ್ವಲ್ಪ ಕುಗ್ಗಿ ಏಳುತ್ತವೆ, ಗಾಡಿ ಓಲಾಡುತ್ತದೆ. ಹಿಂದಿನ ಆಕ್ಸಲ್‌ನಿಂದ ಆಚೆಗೆ ಚಾಚಿಕೊಂಡ ಭಾಗ ಉದ್ದ ಇದ್ದಷ್ಟೂ ಓಲಾಟ ಹೆಚ್ಚು, ಮಂಚ ಆ ತುದಿಯಲ್ಲೇ ಇದ್ದರೆ ಇನ್ನೂ ಹೆಚ್ಚು. ಕಾಲು ಆ ತುದಿಯನ್ನು ನೆಲಕ್ಕೆ ಆನಿಸುತ್ತದೆ, ಅಷ್ಟೇ. ಇಳಿಜಾರಿನಲ್ಲಿ ನಿಲ್ಲಿಸಿ, ಮಲಗಿದವರ ತಲೆಯ ಕಡೆ ತಗ್ಗಾಗಿ, ಸಿಂಕಿನ ನೀರು ಒಂದು ಮೂಲೆಯಲ್ಲಿ ನಿಂತರೆ ಕಾಲನ್ನು ತಿರುಗಿಸಿ ತಿರುಗಿಸಿ ಗಾಡಿಯನ್ನೇ ಎತ್ತಲು ಹೊರಡುವವರಿದ್ದಾರೆ. ಆ ಕಾಲು ಗಾಡಿ ಎತ್ತುವ ಭಾರಕ್ಕೆ ಮಾಡಿದ್ದಲ್ಲ. ಸ್ಕ್ರೂ ಬಾಗುತ್ತದೆ, ಇಲ್ಲವೇ ಬ್ರಾಕೆಟ್ ಕಿತ್ತುಬರುತ್ತದೆ.

ನಮ್ಮ ಕೊಡಗಿನಲ್ಲಿ ಹತ್ತು ಜನ ಬಂದು ಅಲುಗಾಟ ಅಂತ ದೂರಿದರೆ, ಅದರಲ್ಲಿ ಅರ್ಧದಷ್ಟು ನಿಜವಾಗಿ ಓರೆಯ ದೂರು. ಎಲ್ಲಿದೆ ಇಲ್ಲಿ ಸಮನಾದ ಜಾಗ? ಓರೆಗೆ ಮದ್ದು ಬೇರೆ: ಟಯರಿನ ಕೆಳಗೆ ಹಲಗೆ. ಎಡಬಲ ಟಯರುಗಳ ನಡುವೆ ಐದೂವರೆ ಅಡಿ ಅಂತರ ಇದ್ದರೆ, ತಗ್ಗಿನ ಕಡೆ ಎರಡಿಂಚಿನ ಹಲಗೆ ಕೊಟ್ಟು ಗಾಡಿ ಹತ್ತಿಸಿದಾಗ ಸುಮಾರು ಒಂದೂ ಮುಕ್ಕಾಲು ಡಿಗ್ರಿ ಓರೆ ಹೋಗುತ್ತದೆ. ಗಾರೆಯವರ ಹತ್ತಿರ ಇರುವಂಥ ಒಂದು ಚಿಕ್ಕ ರಸಮಟ್ಟ ಗಾಡಿಯಲ್ಲಿಟ್ಟುಕೊಳ್ಳಿ. ಮಂಚದ ಚೌಕಟ್ಟಿನ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿ. ಗುಳ್ಳೆ ನಡುವಿಗೆ ಬಂದ ಮೇಲೂ ನಿದ್ದೆ ಕೆಡುತ್ತದೆ ಅಂದರೆ ಕಾಲಿನ ಮಾತು ಎತ್ತೋಣ.

ಕಾರಿನ ಹಿಂದೆ ಕಟ್ಟಿ ಎಳೆಯುವ ಕಾರವಾನಿಗೆ ಈ ಚರ್ಚೆಯೇ ಇಲ್ಲ. ಸಾಮಾನ್ಯವಾಗಿ ಒಂದೇ ಆಕ್ಸಲ್ ಇರುವುದರಿಂದ ಕಾರು ಬಿಚ್ಚಿದ ಮೇಲೆ ಒಬ್ಬರು ಹಿಂದಕ್ಕೆ ನಡೆದರೆ ಅದು ಏತದ ಹಾಗೆ ಮೂತಿ ಎತ್ತುತ್ತದೆ. ಅದಕ್ಕೆ ನಾಲ್ಕು ಮೂಲೆಗೂ ಕಾಲು ಬೇಕೇ ಬೇಕು. ಬೇಕೋ ಬೇಡವೋ ಅನ್ನುವ ಪ್ರಶ್ನೆ ಇರುವುದು ಸ್ವಂತ ಎಂಜಿನ್ನಿನ ವ್ಯಾನುಗಳಿಗೆ. ಮುಂದಿನದೆಲ್ಲ ಅವುಗಳ ಬಗ್ಗೆ.

ಕಾಸು ಖರ್ಚು ಮಾಡುವ ಮೊದಲು ನಾನು ಹೇಳುವ ಪರೀಕ್ಷೆ ಸುಲಭದ್ದು. ಯಾರ ಹತ್ತಿರವಾದರೂ ಎರಡು ಸ್ಕ್ರೂ ಜಾಕಿ ಕಡ ತನ್ನಿ. ಎಣ್ಣೆಯ ಬಾಟಲ್ ಜಾಕಿ ಬೇಡ, ಹಳೆಯದಾದರೆ ರಾತ್ರಿಯೊಳಗೆ ಮೆಲ್ಲಗೆ ಇಳಿದುಬಿಡುತ್ತದೆ. ಸಮನಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಟಯರುಗಳ ಹಿಂದೆ ಮುಂದೆ ಮರದ ತುಂಡು ಅಡ್ಡ ಕೊಡಿ. ಆಮೇಲೆ ಚಾಸಿಯ ಹಿಂದಿನ ತುದಿಯಲ್ಲಿ, ಬಂಪರಿನ ಹತ್ತಿರ, ಎಡಕ್ಕೊಂದು ಬಲಕ್ಕೊಂದು ಜಾಕಿ ಇಡಿ, ಕೆಳಗೆ ಹಲಗೆ. ಜಾಕಿಯ ತಲೆ ಚಾಸಿಗೆ ತಾಗುವವರೆಗೆ ತಿರುಗಿಸಿ, ತಾಗಿದ ಮೇಲೆ ಇನ್ನೊಂದು ಸ್ವಲ್ಪ. ಗಾಡಿಯ ಹಿಂಭಾಗ ಅರ್ಧ ಇಂಚು ಎದ್ದಂತೆ ಕಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ.

ಟಯರು ಮಾತ್ರ ನೆಲ ಬಿಡಲೇಬಾರದು. ಬಹುತೇಕ ವ್ಯಾನುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಡ್ರೈವ್ ಕೂಡ ಹಿಂದಿನದೇ ಆಗಿದ್ದರೆ ಗೇರು ತಡೆಯುವುದೂ ಅವನ್ನೇ. ಹಿಂದಿನ ಟಯರು ಗಾಳಿಯಲ್ಲಿ ತೂಗಿದರೆ ಎರಡೂ ಇದ್ದೂ ಇಲ್ಲದ ಹಾಗೆ, ಇಳಿಜಾರಾದರೆ ಗಾಡಿ ಜಾಕಿಯಿಂದ ಜಾರಿ ಹೊರಟೇಬಿಡುತ್ತದೆ. ಕೈಯಾಗಲಿ ತಲೆಯಾಗಲಿ ಗಾಡಿಯ ಕೆಳಗೆ ಹೋಗಬಾರದು. ಜಾಕಿಯ ಕಂಬಿ ಉದ್ದದ್ದು ಇರಲಿ, ಹೊರಗೆ ಕೂತೇ ತಿರುಗಿಸಿ.

ಈಗ ಒಳಗೆ ಹೋಗಿ ಒಂದು ಸ್ಟೀಲ್ ಲೋಟದಲ್ಲಿ ಕಂಠದವರೆಗೆ ನೀರು ತುಂಬಿ ಒಲೆಯ ಪಕ್ಕ ಇಡಿ. ಒಬ್ಬರು ಮಂಚದ ಮೇಲೆ ಹೊರಳಲಿ, ಇನ್ನೊಬ್ಬರು ಬಾಗಿಲಿನಿಂದ ಒಳಗೆ ಬಂದು ಹೋಗಲಿ. ನೀರು ಎಷ್ಟು ಚೆಲ್ಲುತ್ತದೆ ನೋಡಿ. ಜಾಕಿ ಇಳಿಸಿ ಮತ್ತೆ ಅದನ್ನೇ ಮಾಡಿ. ಮುಖ್ಯ ಪರೀಕ್ಷೆ ಇದಾದ ಮೇಲೆ. ನಿದ್ದೆ ಕೆಡುತ್ತದೆ ಅಂತ ದೂರುವವರು ಮನೆಯಲ್ಲಿ ಯಾರಿದ್ದಾರೋ ಅವರು ಮಲಗಿದ ಮೇಲೆ ಒಂದು ರಾತ್ರಿ ಜಾಕಿ ಕೊಡಿ, ಒಂದು ರಾತ್ರಿ ಕೊಡಬೇಡಿ, ಅವರಿಗೆ ಮಾತ್ರ ಹೇಳಬೇಡಿ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿ. ಎರಡು ರಾತ್ರಿಗೂ ವ್ಯತ್ಯಾಸ ಅವರಿಗೇ ಗೊತ್ತಾಗದಿದ್ದರೆ ಆ ದುಡ್ಡಿನಲ್ಲಿ ಒಳ್ಳೆಯ ಹಾಸಿಗೆ ತಗೊಳ್ಳಿ. ಗಂಡಂದಿರಿಗಿಂತ ಹೆಂಡತಿಯರು ಈ ಪರೀಕ್ಷೆಯಲ್ಲಿ ಸರಿಯಾಗಿ ಹೇಳುತ್ತಾರೆ ಅನ್ನುವುದು ನನ್ನ ಅಂದಾಜು. ಗಂಡಂದಿರಿಗೆ ಹೊಸ ಸಾಮಾನು ಕೂರಿಸುವ ಚಪಲ ಮೊದಲೇ ಇರುತ್ತದೆ.

ಕೆಲವು ಗಾಡಿಗಳು ಜಾಕಿ ಕೊಟ್ಟರೂ ಕೊಡದಿದ್ದರೂ ಅಳ್ಳಾಡುತ್ತವೆ. ಅಲ್ಲಿ ರೋಗ ಬೇರೆ ಕಡೆ ಇದೆ. ಬಂಪರಿನ ಮೂಲೆಯನ್ನು ಮೇಲಿಂದ ಜೋರಾಗಿ ಒತ್ತಿ ಬಿಡಿ. ಒಂದೇ ಸಲಕ್ಕೆ ಏಳಬೇಕು, ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಸ್ಪ್ರಿಂಗ್ ಪ್ಲೇಟಿನ ಬುಷ್ ಸವೆದು ಕಟಕಟ ಅನ್ನುತ್ತಿರಬಹುದು, ಟಯರಿನಲ್ಲಿ ಗಾಳಿ ಕಡಿಮೆ ಇರಬಹುದು. ಇದೆಲ್ಲ ಸರಿಮಾಡಿದರೆ ನಿಂತಾಗ ಮಾತ್ರ ಅಲ್ಲ, ಆನೆಚೌಕೂರು ಕಡೆಯ ತಿರುವುಗಳಲ್ಲಿ ಓಡುವಾಗಲೂ ಗಾಡಿ ನೆಟ್ಟಗಿರುತ್ತದೆ. ಬೆಂಗಳೂರಿನ ಒಂದು ಜೋಡಿ ಕಾಲು ಕೇಳಿಕೊಂಡು ಬಂದಿತ್ತು. ಹಿಂದಿನ ಎರಡೂ ಶಾಕ್ಸ್ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿದ್ದವು. ಅದನ್ನು ಬದಲಿಸಿಕೊಳ್ಳಲು ಪಕ್ಕದ ಗ್ಯಾರೇಜಿಗೆ ಕಳಿಸಿದೆ. ಆಮೇಲೆ ಕಾಲಿನ ಮಾತು ಅವರು ಎತ್ತಲಿಲ್ಲ.

ಇನ್ನು ನೆಲದ ವಿಷಯ. ಹೊರಗಿನಿಂದ ಬರುವವರು ಕಡಿಮೆ ಯೋಚಿಸುವುದು, ನಾವು ಹೆಚ್ಚು ಯೋಚಿಸಬೇಕಾದದ್ದು ಇದೇ. ಕಾಲಿನ ಪಾದ ಸಾಮಾನ್ಯವಾಗಿ ಅಂಗೈ ಅಗಲ. ನಾಲ್ಕಿಂಚು ನಾಲ್ಕಿಂಚು ಅಂದುಕೊಳ್ಳಿ, ಹದಿನಾರು ಚದರ ಇಂಚು. ಅದರ ಮೇಲೆ 200 ಕೆಜಿ ಬಿದ್ದರೆ ಪ್ರತಿ ಚದರ ಇಂಚಿಗೆ ಹನ್ನೆರಡೂವರೆ ಕೆಜಿ. ಬೇಸಿಗೆಯಲ್ಲಿ ಕುಶಾಲನಗರದ ಕಡೆಯ ಗಟ್ಟಿ ನೆಲ ಅದನ್ನು ತಡೆಯುತ್ತದೆ. ಜುಲೈನಲ್ಲಿ ನಾಪೋಕ್ಲು, ಭಾಗಮಂಡಲದ ಕಡೆ ನೀರು ಕುಡಿದ ಕೆಂಪು ಮಣ್ಣಿನಲ್ಲಿ ಅದೇ ಪಾದ ಬೆಳಗಾಗುವುದರೊಳಗೆ ಇಳಿದಿರುತ್ತದೆ. ಅದೂ ಎರಡೂ ಕಡೆ ಸಮನಾಗಿ ಇಳಿಯುವುದಿಲ್ಲ. ಒಂದು ಇಳಿದು ಇನ್ನೊಂದು ನಿಂತರೆ ಗಾಡಿ ಮೊದಲಿಗಿಂತ ಹೆಚ್ಚು ಅಲುಗುತ್ತದೆ. ಪಾದದ ಕೆಳಗೆ ಒಂದಡಿ ಚೌಕದ ಹಲಗೆ ಕೊಟ್ಟರೆ ಜಾಗ 144 ಚದರ ಇಂಚು, ಅಂದರೆ ಒಂಬತ್ತು ಪಾಲು, ಒತ್ತಡ ಒಂದೂವರೆ ಕೆಜಿಯ ಒಳಗೆ. ಹಲಗೆ ಒಂದೂವರೆ ಇಂಚು ದಪ್ಪ ಇರಲಿ, ತೆಳುವಾದರೆ ನಡುವಿಗೇ ಸೀಳುತ್ತದೆ. ಎರಡು ತೆಳು ಹಲಗೆಯೇ ಇರುವುದಾದರೆ ಒಂದರ ಮೇಲೊಂದು ನಾರು ಅಡ್ಡಡ್ಡ ಬರುವ ಹಾಗೆ ಮೊಳೆ ಹೊಡೆಯಿರಿ. ತೋಟದಲ್ಲಿ ಬಿದ್ದಿರುವ ಸಿಲ್ವರ್ ಓಕ್ ಹಲಗೆ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಒದ್ದೆ ನೆಲದಲ್ಲಿ ಬಾಳಿಕೆ ಕಡಿಮೆ. ಹಲಸಿನದ್ದು ಸಿಕ್ಕರೆ ಬಿಡಬೇಡಿ.

ಇಲ್ಲಿ ಸಮ ಜಾಗ ಅಂದರೆ ನೆನಪಿಗೆ ಬರುವುದು ಕಣ. ಸಿಮೆಂಟಿನ ಕಣದ ಮೇಲೆ ಕಾಲು ಕೊಟ್ಟರೆ ಇಳಿಯುವ ಭಯವಿಲ್ಲ, ಮಳೆ ನೀರು ಹರಿಯಲು ಬಿಟ್ಟ ಸಣ್ಣ ವಾಟ ಬಿಟ್ಟರೆ ಓರೆಯೂ ಇರುವುದಿಲ್ಲ. ಪರಿಚಯದವರ ತೋಟವಾದರೆ ಕೇಳಿ ನಿಲ್ಲಿಸಬಹುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಕೇಳಲೇಬೇಡಿ. ಆಗ ಕಣದ ತುಂಬ ಕಾಫಿ ಹರಡಿರುತ್ತದೆ, ಮೋಡ ಕಂಡರೆ ಮನೆಯವರೆಲ್ಲ ಟಾರ್ಪಾಲು ಹಿಡಿದು ಓಡುತ್ತಿರುತ್ತಾರೆ, ಅದರ ನಡುವೆ ನಿಮ್ಮ ಗಾಡಿ ಯಾರಿಗೆ ಬೇಕು. ಸಿಮೆಂಟಿನ ಮೇಲೂ ಹಲಗೆ ಬಿಡಬೇಡಿ. ಕಬ್ಬಿಣದ ಪಾದ ಕಣದ ಗಾರೆ ಕಿತ್ತರೆ ಮುಂದಿನ ವರ್ಷ ಆ ಮನೆಯ ಗೇಟು ನಿಮಗೆ ತೆರೆಯುವುದಿಲ್ಲ.

ಹೋಂಸ್ಟೇ ಅಂಗಳಗಳಲ್ಲಿ ಇನ್ನೊಂದು ನೋಡಿಕೊಳ್ಳಬೇಕು. ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು, ಕಡಿದ ಮಣ್ಣನ್ನೇ ಕೆಳಗಿನ ಅಂಚಿಗೆ ತಳ್ಳಿ ಮಟ್ಟ ಮಾಡಿದ ಜಾಗಗಳು ಬಹಳ ಇವೆ. ಕಣ್ಣಿಗೆ ಮೈದಾನ. ಆದರೆ ಹೊರ ಅಂಚಿನ ಕಡೆ ಇರುವುದು ತುಂಬಿದ ಮಣ್ಣು, ಅಲ್ಲಿ ಹಲಗೆ ಸಮೇತ ಕಾಲು ಹೂತುಹೋಗುತ್ತದೆ. ಒಳಗಿನ ಅಂಚಿಗೆ ಹೋದರೆ ನೆಲ ಗಟ್ಟಿ, ಆದರೆ ತಲೆಯ ಮೇಲೆ ಬರೆ, ಅಂದರೆ ಕಡಿದ ಗುಡ್ಡದ ಗೋಡೆ. 2018ರ ಆಗಸ್ಟ್ ಕಂಡವರಿಗೆ ಬರೆ ಕುಸಿತ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಇಂಥ ಅಂಗಳದ ಎರಡೂ ಅಂಚು ಬೇಡ. ನಡುವೆ ಜಾಗ ಇಲ್ಲ ಅಂದರೆ ಗಾಡಿ ಬಿಟ್ಟು ಅವರ ರೂಮಿನಲ್ಲೇ ಮಲಗಿ.

ಆನೆಯ ಮಾತು ಬಿಟ್ಟರೆ ಕೊಡಗಿನ ಲೆಕ್ಕ ಪೂರ್ತಿಯಾಗುವುದಿಲ್ಲ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ಹಲಸು ಹಣ್ಣಾಗುವ ಕಾಲಕ್ಕೆ ತೋಟದೊಳಗೇ ಬರುತ್ತವೆ. ಅಂಥ ಕಡೆ ಬಯಲಲ್ಲಿ ಗಾಡಿಯಲ್ಲಿ ಮಲಗುವುದೇ ಬೇಡ ಅನ್ನುವವನು ನಾನು. ಆದರೂ ಬೇಲಿಯ ಒಳಗೆ, ಮನೆಯ ಹತ್ತಿರ ಮಲಗಿದ್ದೀರಿ ಅಂತ ಇಟ್ಟುಕೊಳ್ಳೋಣ. ರಾತ್ರಿ ಎರಡಕ್ಕೆ ಮನೆಯವರು "ಗಾಡಿ ಆ ಕಡೆ ತೆಗೀರಿ" ಅಂತ ಕೂಗಿದರೆ ಕಾಲಿಲ್ಲದ ಗಾಡಿ ಚಾವಿ ತಿರುಗಿಸಿದರೆ ಹೊರಟಿತು. ಕಾಲು ಇಳಿಸಿದ ಗಾಡಿಯವರು ಟಾರ್ಚ್ ಹಿಡಿದು ಹೊರಗೆ ಇಳಿಯಬೇಕು, ಎರಡು ಕಡೆ ಬಗ್ಗಿ ಹ್ಯಾಂಡಲ್ ತಿರುಗಿಸಬೇಕು. ಗಾಬರಿಯಲ್ಲಿ ಮರೆತು ಹೊರಟರೆ ಕಾಲು ಮಡಚಿ ಚಾಸಿಯ ಬ್ರಾಕೆಟ್ ತಿರುಚುತ್ತದೆ. ಆದ್ದರಿಂದ ನನ್ನ ಸಲಹೆ ಕಾಲು ಇದ್ದವರಿಗೂ ಇದೇ: ಆ ಭಾಗದಲ್ಲಿ, ಮತ್ತೆ ಜೋರು ಮಳೆಯ ರಾತ್ರಿಗಳಲ್ಲಿ ಎಲ್ಲೇ ಇದ್ದರೂ, ಕಾಲು ಇಳಿಸದೆ ಮಲಗಿ. ಒಂದು ರಾತ್ರಿ ಅಲುಗಾಡಿದರೆ ಏನೂ ಆಗುವುದಿಲ್ಲ.

ತೋಟದ ದಾರಿಯನ್ನೂ ನೆನಪಿಡಿ. ಕಾಲು ಕೂರುವುದು ಗಾಡಿಯ ಹಿಂದಿನ ತುದಿಯಲ್ಲಿ, ಅಂದರೆ ಚರಂಡಿ ದಾಟಿ ಗೇಟಿನ ಏರು ಹತ್ತುವಾಗ ಮೊದಲು ನೆಲಕ್ಕೆ ಉಜ್ಜುವ ಜಾಗದಲ್ಲಿ. ಬ್ರಾಕೆಟ್ ಸೇರಿ ಮೂರಿಂಚು ಕೆಳಗೆ ಇಳಿದರೂ ಸಾಕು, ಈವರೆಗೆ ಸಲೀಸಾಗಿ ಹೋಗುತ್ತಿದ್ದ ದಾರಿ ನಿಂತುಹೋಗುತ್ತದೆ. ನೀವು ಹೆಚ್ಚಾಗಿ ಹೋಗುವ ಎರಡು ಮೂರು ಕೆಟ್ಟ ಗೇಟುಗಳಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸಿ, ಬಂಪರಿನ ಕೆಳಗೆ ಎಷ್ಟು ಬೆರಳು ಜಾಗ ಉಳಿಯುತ್ತದೆ ಅಂತ ನೋಡಿಸಿ. ನಾಲ್ಕು ಬೆರಳಿಗಿಂತ ಕಡಿಮೆ ಅಂದರೆ ನಾನು ಕೂರಿಸುವುದಿಲ್ಲ.

ಹಾಗಾದರೆ ಯಾರಿಗೆ ಹೂಂ? ಒಂದೇ ಜಾಗದಲ್ಲಿ ಮೂರು ನಾಲ್ಕು ದಿನ ಕೂರುವವರಿಗೆ. ಗಾಡಿಯಲ್ಲೇ ಅಡಿಗೆ ಮಾಡುವವರಿಗೆ, ಯಾಕೆಂದರೆ ಕುದಿಯುವ ಎಣ್ಣೆ ಇರುವಾಗ ಓಲಾಟ ತಮಾಷೆಯಲ್ಲ. ಮಂಚ ಹಿಂದಿನ ತುದಿಯಲ್ಲಿ ಅಡ್ಡಕ್ಕೆ ಇರುವವರಿಗೆ. ಮನೆಯಲ್ಲಿ ವಯಸ್ಸಾದವರು ಇದ್ದು ಅವರೂ ಜೊತೆಗೆ ಬರುವವರಿಗೆ. ಸಂಜೆ ಏಳಕ್ಕೆ ನಿಲ್ಲಿಸಿ ಬೆಳಿಗ್ಗೆ ಏಳಕ್ಕೆ ಹೊರಡುವವರಿಗೆ ಖಂಡಿತ ಬೇಡ. ಎರಡು ವಾರದಲ್ಲಿ ಬೇಸರ ಬಂದು ಇಳಿಸುವುದನ್ನೇ ಬಿಡುತ್ತಾರೆ, ಆಮೇಲೆ ಅದು ಗಾಡಿಯ ಕೆಳಗೆ ಮಣ್ಣು ಹೊರುವ ಕಬ್ಬಿಣ.

ವಯಸ್ಸಾದವರ ವಿಷಯದಲ್ಲಿ ಒಂದು ಹೇಳಲೇಬೇಕು. ಪೊನ್ನಂಪೇಟೆ ಕಡೆಯ ಒಬ್ಬರು ಸಾವ್ಕಾರ್ರು ತಮ್ಮ ಅವ್ವನನ್ನೇ ಶೆಡ್ಡಿಗೆ ಕರೆದುಕೊಂಡು ಬಂದರು. ಅವ್ವನಿಗೆ ಮಂಡಿ ನೋವು, ಗಾಡಿ ಹತ್ತುವಾಗ ಅದು ಓಲಾಡಿದರೆ ಎದೆ ಝಲ್ ಅನ್ನುತ್ತದಂತೆ. ಹಿಂದೆ ಎರಡು ಜಾಕಿ ಕೊಟ್ಟು ಹತ್ತಿಸಿ ನೋಡಿದೆ. ಬಾಗಿಲ ಪಕ್ಕದ ಕಂಬಿ ಹಿಡಿದು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟವರು ಅಲ್ಲೇ ನಿಂತರು. "ಮಗ, ಈ ಮೆಟ್ಟಿಲು ಬಗ್ತದೆ," ಅಂದರು. ಸರಿಯೇ. ಬಾಗಿಲು ಇದ್ದದ್ದು ಎಡಬದಿಯ ನಡುವೆ, ಮಡಚುವ ಮೆಟ್ಟಿಲು ಬಾಡಿಗೇ ಜೋತುಬಿದ್ದಿತ್ತು, ಹಿಂದಿನ ಕಾಲಿನ ಆಸರೆ ಅಲ್ಲಿಯವರೆಗೆ ಬರುವುದಿಲ್ಲ. ಶೆಡ್ಡಿನಲ್ಲಿದ್ದ ಪೈಪು, ಆಂಗಲ್ ಕಬ್ಬಿಣದ ತುಂಡುಗಳಲ್ಲಿ ಗಾಡಿಗೆ ತಾಗದ ಹಾಗೆ ನೆಲದ ಮೇಲೇ ನಿಲ್ಲುವ ಎರಡು ಮೆಟ್ಟಿಲಿನ ಸ್ಟೂಲು ಮಾಡಿದೆ, ಒಂದು ಕಡೆ ಕೈ ಹಿಡಿಯಲು ಕಂಬಿ, ಮೇಲೆ ಜಾರದ ಹಾಗೆ ಚೆಕರ್ಡ್ ಪ್ಲೇಟು. ಅವ್ವ ಹತ್ತಿದರು, ಇಳಿದರು, ಮತ್ತೆ ಹತ್ತಿದರು. "ಈಗ ಕಾಲಿಟ್ಟ ಕಡೆ ಕಾಲು ನಿಲ್ತದೆ." ಸಾವ್ಕಾರ್ರು ಕಾಲೂ ಬೇಕು ಅಂದದ್ದಕ್ಕೆ ಅದನ್ನೂ ಕೂರಿಸಿದೆ, ಅವರು ವಾರಗಟ್ಟಲೆ ಒಂದೇ ಕಡೆ ನಿಲ್ಲುವವರು. ಆದರೆ ಅವ್ವನ ಭಯಕ್ಕೆ ಮದ್ದಾದದ್ದು ಸ್ಟೂಲು. ನಿಮ್ಮ ಮನೆಯಲ್ಲೂ ದೂರು ಮೆಟ್ಟಿಲಿನದ್ದೇ ಆಗಿದ್ದರೆ ಸ್ಟೂಲಿನಿಂದ ಶುರುಮಾಡಿ.

ಕೂರಿಸುವುದೇ ಸೈ ಅಂತಾದರೆ ಮೇಸ್ತ್ರಿಗೆ ಇಷ್ಟು ಹೇಳಿ. ಚಾಸಿಗೆ ವೆಲ್ಡಿಂಗ್ ಬೇಡ. ಬಿಸಿ ತಾಗಿದ ಜಾಗದಲ್ಲಿ ಚಾಸಿಯ ಕಬ್ಬಿಣದ ಹದ ಕೆಡುತ್ತದೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ವೆಲ್ಡಿಂಗ್ ಮಾಡಿಯೇ ಹೊಟ್ಟೆ ಹೊರೆಯುವವನು ಹೇಳುತ್ತಿದ್ದೇನೆ, ನಂಬಿ. ಬ್ರಾಕೆಟ್ಟನ್ನು ಬೇರೆಯಾಗಿ ಮಾಡಿ ಬೋಲ್ಟಿನಲ್ಲಿ ಬಿಗಿಯಬೇಕು. ಚಾಸಿಯಲ್ಲಿ ಕಂಪನಿಯವರೇ ಬಿಟ್ಟಿರುವ ತೂತುಗಳಿದ್ದರೆ ಅವನ್ನೇ ಬಳಸಿ, ಇಲ್ಲವಾದರೆ ಕ್ಲಾಂಪ್. ಚಾಸಿಯ ಉದ್ದದ ಕಬ್ಬಿಣದ ಪಟ್ಟಿಯ (ಚಾನೆಲ್ಲಿನ) ಮೇಲಿನ ಮತ್ತು ಕೆಳಗಿನ ಮಡಿಕೆಗೆ ಮಾತ್ರ ಡ್ರಿಲ್ ಹಾಕಲು ಬಿಡಬೇಡಿ, ಗಾಡಿಯ ಬಲವೆಲ್ಲ ಅಲ್ಲೇ ಇರುವುದು. ಬೇರೆ ಚಾಸಿಯೇ ಇಲ್ಲದ ಮೊನೊಕಾಕ್ ಗಾಡಿಯಾದರೆ ಕಂಪನಿ ಜಾಕಿ ಕೊಡಲು ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಭಾರ ಕೊಡುವ ಹಾಗಿಲ್ಲ, ತಗಡು ಒಳಗೆ ಹೋಗುತ್ತದೆ.

ಎರಡು ಕಾಲುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಎಡಬಲ ಓಲಾಟ ಕಡಿಮೆ. ಮಡಚಿದಾಗ ಪಾದ ಹಿಂದಕ್ಕೆ ಮುಖಮಾಡಿರಲಿ. ದಾರಿಯಲ್ಲಿ ಕಲ್ಲು ತಾಗಿದರೆ ಅದು ಹಿಂದಕ್ಕೆ ಜಾರುತ್ತದೆ, ಮುಂದಕ್ಕಿದ್ದರೆ ಗುದ್ದಲಿಯಂತೆ ನಾಟಿಕೊಳ್ಳುತ್ತದೆ. ಸ್ಟೆಪ್ನಿ ಇಳಿಸಲು ಜಾಗ ಉಳಿದಿದೆಯಾ, ಸೈಲೆನ್ಸರಿನ ಬಿಸಿ ತಾಗುತ್ತದಾ, ಸಿಂಕಿನ ನೀರಿನ ಪೈಪು ನೇರ ಸ್ಕ್ರೂವಿನ ಮೇಲೆ ಸುರಿಯುತ್ತದಾ ಅಂತ ಬೋಲ್ಟ್ ಬಿಗಿಯುವ ಮೊದಲೇ ನೋಡಿ. ಹಳೇ ಕಾರಿನ ಕತ್ತರಿ ಜಾಕಿಗಳನ್ನು ಗುಜರಿಯಿಂದ ತಂದು ಕೂರಿಸಿ ಅನ್ನುವವರಿಗೆ ನಾನು ಆಗಲ್ಲ ಅನ್ನುತ್ತೇನೆ. ಅವು ನೇರ ಭಾರ ಹೊರುತ್ತವೆ, ಅಡ್ಡಡ್ಡ ತಳ್ಳಿದರೆ ಮಾಲುತ್ತವೆ, ಇಲ್ಲಿ ನಮಗೆ ಬೇಕಾಗಿರುವುದು ಅಡ್ಡಡ್ಡ ತಳ್ಳುವಿಕೆಯನ್ನು ತಡೆಯುವುದೇ. ಎಲೆಕ್ಟ್ರಿಕ್ ಕಾಲು ಸುಖ, ಆದರೆ ನಮ್ಮ ಮಳೆಗೆ ಅದರ ಮೋಟಾರು, ವೈರಿನ ಕನೆಕ್ಷನ್ನು ಎಷ್ಟು ದಿನ ಅಂತ ಯೋಚಿಸಿ. ಕೈಯಲ್ಲಿ ತಿರುಗಿಸುವುದೇ ಸಾಕು.

ಕಾಗದಪತ್ರದ ಕಡೆಯೂ ಗಮನ ಇರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ಕೆಎ 12 ಗಾಡಿಯಾದರೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರಲ್ಲಿ, ಕೂರಿಸುವ ಮೊದಲೇ ಕೇಳಿಕೊಳ್ಳಿ. ಆರ್‌ಸಿಯಲ್ಲಿ ಗಾಡಿ ಕಾರವಾನ್ ಅಂತಲೇ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಕಾಲು ಆಮೇಲೆ.

ಕೂರಿಸಿದ ಮೇಲಿನ ಕೆಲಸದ ಕ್ರಮ ಹೀಗೆ: ಹಲಗೆ ಹತ್ತಿಸಿ ಮಟ್ಟ ಮಾಡುವುದು, ಹ್ಯಾಂಡ್‌ಬ್ರೇಕ್, ಟಯರಿಗೆ ಅಡ್ಡ, ಕೊನೆಗೆ ಕಾಲು. ಹೊರಡುವಾಗ ಮೊದಲು ಕಾಲು. ಕಾಲು ತಿರುಗಿಸುವ ಹ್ಯಾಂಡಲ್ಲಿಗೆ ಗಾಡಿಯ ಚಾವಿಯನ್ನೇ ಕಟ್ಟಿ ನೇತುಹಾಕಿ, ಕಾಲು ಎತ್ತದೆ ಹೊರಡುವುದು ಆಗ ಕಷ್ಟ. ಆನೆ ಬರುವ ಕಡೆ ಕಾಲು ಇಳಿಸದೆ ಮಲಗುವ ರಾತ್ರಿ ಮಾತ್ರ ಚಾವಿ ಗಾಡಿಯಲ್ಲೇ ಇರಲಿ. ಮಳೆಗಾಲದಲ್ಲಿ ಪ್ರತಿ ಸಲ ಎತ್ತುವ ಮೊದಲು ಸ್ಕ್ರೂವಿಗೆ ಮೆತ್ತಿದ ಮಣ್ಣನ್ನು ಹಳೇ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮಣ್ಣಿನ ಮೇಲೇ ಗ್ರೀಸ್ ಬಳಿದರೆ ಅದು ಮರಳುಕಾಗದದ ಕೆಲಸ ಮಾಡುತ್ತದೆ. ಗ್ರೀಸ್ ಏನಿದ್ದರೂ ತೊಳೆದು ಒಣಗಿಸಿದ ಮೇಲೆ, ತೆಳ್ಳಗೆ. ಹಲಗೆಗಳನ್ನು ಒದ್ದೆ ಇರುವಾಗಲೇ ಮಂಚದ ಕೆಳಗೆ ತುರುಕಬೇಡಿ, ವಾರದೊಳಗೆ ಗಾಡಿಯೆಲ್ಲ ಬೂಷ್ಟಿನ ವಾಸನೆ. ಹಿಂದಿನ ಬಾಗಿಲಿನ ಹೊರಗೆ ಎರಡು ಕೊಂಡಿ ಕೂರಿಸಿ, ಹಗ್ಗದಲ್ಲಿ ಬಿಗಿದರೆ ಓಡುತ್ತಾ ಓಡುತ್ತಾ ಒಣಗುತ್ತವೆ.